ಗಿರಾವೀನ್‌ನ ನಾಲ್ಕು ಗಂಟೆ

ನಮ್ಮ ಕಡೆಯ ಹಿರಿಯ ನಾಯಕರು ತೀರಿಕೊಂಡರೆಂಬ ಸುದ್ದಿ ಶನಿವಾರ ಬಂತು. ಆಗಿನಿಂದ ಅಪ್ಪ ಅನ್ನ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ. ಹುಬ್ಬಳ್ಳಿಯಿಂದ ಸಿಡ್ನಿಗೆ, ಗಿರಾವೀನ್‌ನ ನಮ್ಮ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

“ಗುಳಿಗಿ ನುಂಗೀನಲ್ಲ,” ಅಂದರು, ಅದೇ ಊಟವಾಯಿತು ಎನ್ನುವಂತೆ.

“ಖಾಲಿ ಹೊಟ್ಟೀಲೆ ಗುಳಿಗಿ ನುಂಗಿದ್ರ ತಲಿ ತಿರುಗಿ ಬೀಳ್ತಿ, ಅಪ್ಪಾ.”

“ಮಣ್ಣಾಗೂತನಾ ನಾ ಉಣ್ಣಂಗಿಲ್ಲ.”

ಹೆಣ ಮಣ್ಣಾಗುವವರೆಗೆ ಒಲೆ ಹಚ್ಚಬಾರದು, ಉಣ್ಣಬಾರದು ಎಂಬುದು ನಮ್ಮಲ್ಲಿನ ರೂಢಿ. ಆದರೆ ಅದು ಸ್ವಂತ ಮನೆಯ ಸಾವಿಗೆ, ಬಹಳವೆಂದರೆ ಓಣಿಯ ಸಾವಿಗೆ. ಸಮುದ್ರದಾಚೆ ಮೈದಾನದಲ್ಲಿ ಜನರ ದರ್ಶನಕ್ಕೆ ಮಲಗಿಸಿದ ರಾಜಕಾರಣಿಗೆ ಯಾಕೆ? ನನಗೆ ಸಿಟ್ಟು ನೆತ್ತಿಗೇರಿತು. “ಅವರೇನ್ ನಿನಗ ಬೀಗರೇನು?” ಎಂದು ಕೇಳಿಯೇಬಿಟ್ಟೆ.

ಅವ್ವ ಹೋದ ಮೇಲೆ ಅಪ್ಪ ನನ್ನ ಜೊತೆ ಮಾತಾಡುವುದು ಕಡಿಮೆಯಾಗಿತ್ತು. ಆಗ ನಾನು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕಿದ್ದೆ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಅಂಗಳ ಗುಡಿಸಿಯಾಗಿತ್ತು. ಆ ದಿನದ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಸಂಜೆ ಇಲ್ಲಿನ ಕನ್ನಡದವರು ಹತ್ತಿರದ ಒಂದು ಹಾಲ್ ಬುಕ್ ಮಾಡಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಒಳಗೆ ಬೆಂಕಿ ಹಚ್ಚುವಂತಿಲ್ಲ, ಹೊಗೆಗೆ ಅಲಾರ್ಮ್ ಹೊಡೆದುಕೊಳ್ಳುತ್ತದೆ. ಹಾಗಾಗಿ ಫೋಟೋದ ಮುಂದೆ ಬ್ಯಾಟರಿಯ ದೀಪ ಮಿಣುಕುತ್ತಿತ್ತು. ಹೂವು ಏರಿಸುವಾಗ ಅಪ್ಪನ ಕೈ ನಡುಗುವುದನ್ನು ನೋಡಿದೆ. ಅದು ದುಃಖವೋ ಸಕ್ಕರೆ ಇಳಿದದ್ದೋ ತಿಳಿಯದೆ, ಪರ್ಸಿನಲ್ಲಿದ್ದ ಚಾಕಲೇಟನ್ನು ಹಿಡಿದುಕೊಂಡೇ ನಿಂತಿದ್ದೆ. ನಿಜ ಹೇಳಬೇಕೆಂದರೆ, ಸತ್ತವರ ಬಗ್ಗೆ ನನಗೆ ಆಗ ಗೌರವಕ್ಕಿಂತ ಕೋಪವೇ ಹೆಚ್ಚಿತ್ತು. ನಿಮ್ಮ ಹಿಂದೆ ನಮ್ಮಪ್ಪನನ್ನೂ ಕರೆದೊಯ್ಯಬೇಡಿ ಸ್ವಾಮಿ, ಎಂದುಕೊಂಡೆ.

ಭಾಷಣಗಳು ಮುಗಿಯುವ ಹೊತ್ತಿಗೆ, ಸಭೆ ಏರ್ಪಡಿಸಿದ್ದ ಬೆಂಗಳೂರಿನ ಅಂಕಲ್ ಕೈಗಡಿಯಾರ ನೋಡಿ ಮೈಕ್ ಹಿಡಿದರು.

“ಫ್ರೆಂಡ್ಸ್, ನಾಲ್ಕು ಗಂಟೆಗೆ ಸಾಹೇಬ್ರ ಅಂತ್ಯಕ್ರಿಯೆ ಇತ್ತು. ಈಗಷ್ಟೇ ಕಂಪ್ಲೀಟ್ ಆಗಿದೆ. ಎಲ್ರೂ ಎದ್ದು ನಿಂತು ಮೌನ ಆಚರಿಸೋಣ. ಆಮೇಲೆ ಟಿಫಿನ್ ತಗೊಂಡೇ ಹೋಗ್ಬೇಕು, ಪ್ಲೀಸ್.”

ಮೌನ ಮುಗಿದದ್ದೇ ಅಪ್ಪ ನನ್ನ ಕಡೆ ತಿರುಗಿ, “ಮಣ್ಣಾತಂತಲ್ಲ,” ಅಂದರು. ಒಂದು ತಟ್ಟೆ ಉಪ್ಪಿಟ್ಟು ತಂದುಕೊಟ್ಟೆ. ಒಂದು ಕಾಳೂ ಬಿಡದೆ ತಿಂದರು. ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಸಾರು ಕುದಿಯಲು ಇಟ್ಟು, ಟಿವಿಯಲ್ಲಿ ಊರಿನ ಚಾನೆಲ್ ಹಾಕಿದೆ. ಬಿಸಿಲಲ್ಲಿ ಜನರ ಸಾಲು ಕರಗಿರಲಿಲ್ಲ. ಹೂವಿನ ರಾಶಿಯ ನಡುವೆ ನಾಯಕರು ಇನ್ನೂ ಮಲಗಿದ್ದರು. ಮಣ್ಣು ಸಂಜೆ ನಾಲ್ಕಕ್ಕೆ ಎಂದು ಕೆಳಗೆ ಅಕ್ಷರ ಓಡುತ್ತಿತ್ತು. ಅಲ್ಲಿ ಇನ್ನೂ ಮಧ್ಯಾಹ್ನ. ಅಂಕಲ್ ಊರಿನ ನಾಲ್ಕನ್ನು ಗಿರಾವೀನ್‌ನ ನಾಲ್ಕು ಮಾಡಿದ್ದರು. ಊರಿಗೆ ಫೋನ್ ಮಾಡುವಾಗಲೆಲ್ಲ ಬೆರಳು ಮಡಚಿ ಗಂಟೆ ಲೆಕ್ಕ ಹಾಕುವ ನಾವು, ಹಾಲ್ ತುಂಬ ಇದ್ದವರು, ಒಬ್ಬರೂ ಹಾಕಲಿಲ್ಲ.

“ಹೋಗ್ಲಿ ಬಿಡು, ಅಪ್ಪಾ. ತಿಂದಿದ್ದು ಚಲೋನ ಆತು,” ಅಂದೆ. ಒಳಗೊಳಗೆ ಆ ಅಂಕಲ್‌ಗೆ ಕೈ ಮುಗಿದಿದ್ದೆ.

ಅಪ್ಪ ಎದ್ದು ಅಡುಗೆಮನೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದರು, ಮತ್ತೆ ಮತ್ತೆ. ಬಂದು ಸೋಫಾ ಬಿಟ್ಟು ಟಿವಿಯ ಮುಂದೆ ನೆಲದ ಮೇಲೆ ಕುಳಿತರು.

“ನಿಮ್ಮವ್ವ ಹೋದಾಗ ಈ ಸಾಹೇಬ್ರು ಬಂದಿದ್ರು. ಎರಡು ಮಾತಾಡಿ ಎದ್ದು ಹೋಗ್ತಾರ ಅನ್ಕೊಂಡಿದ್ದೆ. ಮಣ್ಣಾಗೂತನಾ ನನ್ನ ಬಾಜೂಕ ಕುಂತ್ರು. ನೀರು ಕೊಟ್ರ ಅದನ್ನೂ ಮುಟ್ಟಲಿಲ್ಲ. ಮಗಳು ಎಲ್ಲಿದಾಳ್ರೀ ಅಂತ ಕೇಳಿದ್ರು.”

“ನೀ ಏನಂದಿ?”

“ದಾರ್ಯಾಗ ಅದಾಳ ಅಂದೆ.”

ಆ ಹೊತ್ತಿಗೆ ನಾನಿನ್ನೂ ಮೆಲ್ಬರ್ನ್‌ನಲ್ಲೇ ಇದ್ದೆ. ಅದು ಅಪ್ಪನಿಗೂ ಗೊತ್ತಿತ್ತು.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹೋಗಿ ಒಲೆ ಆರಿಸಿ ಬಂದು ಅಪ್ಪನ ಪಕ್ಕ ನೆಲದ ಮೇಲೆ ಕುಳಿತೆ. ಊರಲ್ಲಿ ನಾಲ್ಕಾಗಲು ಇನ್ನೂ ಹೊತ್ತಿತ್ತು.