ನಲವತ್ತನೆಯ ಫಾರಂ

ಬೀದಿಯವರೆಲ್ಲ ಅವಳನ್ನು ಫಾರಂ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಮನೆಯ ಬಾಗಿಲು ತಟ್ಟಿ, ಊರಿನ ಕಷ್ಟಸುಖದ ಬಗ್ಗೆ ಜನರ ಅಭಿಪ್ರಾಯ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ರಸ್ತೆ ಹೇಗಿದೆ, ಟ್ರಾಫಿಕ್ಕಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ದುಡಿದದ್ದು ಸಂಸಾರಕ್ಕೆ ಸಾಕಾಗುತ್ತದೆಯೇ, ಹೀಗೆ ಮೂವತ್ತನಾಲ್ಕು ಪ್ರಶ್ನೆ. ತಿಂಗಳ ಸಂಬಳವೆಂಬುದಿಲ್ಲ. ಒಪ್ಪಿಗೆಯಾದ ಒಂದೊಂದು ಫಾರಮ್ಮಿಗೆ ಇಷ್ಟು ಎಂದು ಕೊಡುತ್ತಿದ್ದರು. ತೆರೆಯದ ಬಾಗಿಲಿಗೆ, ಹತ್ತಿಳಿದ ಮೆಟ್ಟಿಲಿಗೆ, ಬಸ್ಸಿನಲ್ಲಿ ಕಳೆದ ಹೊತ್ತಿಗೆ ಕಾಸಿಲ್ಲ. ಸಂಬಳ ಸಾಲದು ಎಂಬವರ ಮಾತನ್ನು ಬರೆದುಕೊಳ್ಳುವವಳಿಗೆ ಎಷ್ಟು ಸಿಗುತ್ತದೆಂದು ಯಾವ ಫಾರಮ್ಮೂ ಕೇಳುತ್ತಿರಲಿಲ್ಲ.

ನಲವತ್ತು ಫಾರಮ್ಮಿಗೆ ಒಂದು ಕಟ್ಟು. ಅದರಲ್ಲಿ ಇಪ್ಪತ್ತು ಹೆಂಗಸರದ್ದೇ ಆಗಿರಬೇಕು, ಉತ್ತರವೂ ಅವರ ಬಾಯಿಂದಲೇ ಬರಬೇಕು. ತಾಪತ್ರಯವಿದ್ದದ್ದು ಇಲ್ಲೇ. ಬಾಗಿಲು ತೆಗೆದ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ, "ಇರಿ, ನಮ್ಮನೆಯವರನ್ನ ಕರೀತೀನಿ, ನಂಗೇನು ಗೊತ್ತಾಗುತ್ತೆ" ಎಂದು ಒಳಗೆ ಹೋದರೆ ಮುಗಿಯಿತು. ಗಂಡ ಬಂದು ಬಾಗಿಲಿಗೆ ಒರಗಿ ನಿಂತು, ಊರಿನ ಅಷ್ಟೂ ಸಿಗ್ನಲ್ಲುಗಳನ್ನು ಸರಿಪಡಿಸಿಯೇ ಒಳಗೆ ಹೋಗುತ್ತಿದ್ದ. ಆ ಹಾಳೆ ಹೆಂಗಸರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಅವಳ ಚೀಲದಲ್ಲಿ ಮೂವತ್ತೊಂಬತ್ತು ಫಾರಂ ಇದ್ದವು. ಬಾಕಿಯಿದ್ದದ್ದು ಒಬ್ಬ ಹೆಂಗಸಿನದ್ದು. ಐದು ಗಂಟೆಯೊಳಗೆ ಕಟ್ಟನ್ನು ಆಫೀಸಿಗೆ ಒಪ್ಪಿಸಬೇಕು. ಉತ್ತರ ಹೇಳಲು ಒಪ್ಪಿದ್ದ ಹೆಂಗಸಿನ ಮನೆಯ ಕಡೆಗೆ ಹೊರಟ ಬಸ್ಸು ಮೇಲ್ಸೇತುವೆಯ ಬುಡದಲ್ಲಿ ನಿಂತು ಮುಕ್ಕಾಲು ಗಂಟೆಯಾಗಿತ್ತು. ಡ್ರೈವರ್ ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಪೇಪರ್ ಹರಡಿಕೊಂಡು ಓದುತ್ತಿದ್ದ. ಇಳಿದು ಓಡಿದರೂ ಆ ಮನೆ ಮುಟ್ಟಿ ಆಫೀಸಿಗೆ ಮರಳಲು ಹೊತ್ತು ಸಾಲುತ್ತಿರಲಿಲ್ಲ. ಒಂದು ಫಾರಂ ಕಡಿಮೆಯಿದ್ದರೂ ಕಟ್ಟು ತೆಗೆದುಕೊಳ್ಳುವುದಿಲ್ಲ. ಹದಿನೈದು ದಿನದ ಓಡಾಟ ಮಣ್ಣುಪಾಲು.

ಫಾರಂ ಅಕ್ಕ ಖಾಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು, ಅತ್ತೆಯ ವಯಸ್ಸು, ಅತ್ತೆಯ ಫೋನ್ ನಂಬರು. ಉದ್ಯೋಗ ಎಂಬಲ್ಲಿ ಕೈ ತಾನಾಗಿಯೇ ಒಂಬತ್ತನೆಯ ಚೌಕಕ್ಕೆ ಹೋಯಿತು: 'ಮನೆಯಲ್ಲಿದ್ದಾರೆ, ಕೆಲಸವಿಲ್ಲ'. ಹೆಂಗಸರ ಫಾರಂಗಳಲ್ಲಿ ನೂರಾರು ಸಲ ಹಾಕಿದ ಗುರುತು ಅದು. ಮುಂದಿನ ಉತ್ತರಗಳಿಗೆ ಅತ್ತೆಯ ನೆನಪೇ ಬರಲಿಲ್ಲ. ಇಷ್ಟು ವರ್ಷ ಕಂಡವರ ಅಭಿಪ್ರಾಯ ಕೇಳಿದವಳಿಗೆ, ಈಗ ಯಾರೋ ತನ್ನನ್ನೇ ಕೇಳಿದಂತಾಗಿ ಪೆನ್ನು ನಿಲ್ಲದಾಯಿತು. ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತು: ಮೂರು ಗಂಟೆ. ದುಡಿಮೆ ಸಾಕಾಗುತ್ತದೆಯೇ: ಇಲ್ಲ, ಬಸ್ಸಿಗೇ ಕಾಲುಭಾಗ ಹೋಗುತ್ತದೆ. ಮನಸ್ಸಿಗೆ ಹೆಚ್ಚು ನೋವು ಕೊಡುವ ಸಂಗತಿ ಯಾವುದು ಎಂಬಲ್ಲಿ ಕೊಟ್ಟಿದ್ದ ಎರಡು ಗೆರೆ ಸಾಲದೆ ಅಂಚಿಗೂ ಹರಿಸಿದಳು: ತಡವಾಗಿ ಮನೆಗೆ ಹೋದರೆ ಯಾಕೆ ತಡ ಎಂದು ಎಲ್ಲರೂ ಕೇಳುತ್ತಾರೆ, ಸುಸ್ತಾಯಿತಾ ಎಂದು ಯಾರೂ ಕೇಳುವುದಿಲ್ಲ.

ಬಸ್ಸಿಳಿದು, ಅರ್ಧ ನಡೆದು ಅರ್ಧ ಓಡಿ, ಐದಕ್ಕೆ ಹತ್ತು ನಿಮಿಷವಿರುವಾಗ ಕಟ್ಟು ಒಪ್ಪಿಸಿದಳು. ಸೂಪರ್‌ವೈಸರ್ ತಲೆ ಎತ್ತದೆಯೇ ಹೇಳಿದರು: "ಭಾನುವಾರ ಚೆಕ್ಕಿಂಗ್ ಫೋನ್ ಹೋಗುತ್ತೆ. ಒಂದು ಕಟ್ಟಲ್ಲಿ ನಾಲ್ಕು ಜನಕ್ಕೆ. ಒಂದು ಫಾರಂ ಸುಳ್ಳು ಅಂತಾದ್ರೂ ಕಟ್ಟು ಕಸದ ಬುಟ್ಟಿಗೆ, ಬರೆದೋರು ಮನೆಗೆ."

ನಲವತ್ತರಲ್ಲಿ ನಾಲ್ಕು ತಾನೇ, ಅದೇ ಹಾಳೆ ಕೈಗೆ ಸಿಗಬೇಕೆಂದೇನಿದೆ ಎಂದು ಮೆಟ್ಟಿಲಿಳಿಯುವಾಗ ಅಂದುಕೊಂಡಳು. ಮನೆ ಮುಟ್ಟುವಷ್ಟರಲ್ಲಿ ಅದೇ ಸಿಗುವುದೆಂದು ಖಾತ್ರಿಯಾಗಿಹೋಗಿತ್ತು.

ಅತ್ತೆಗೆ ಹೇಳಿಕೊಡುವುದೊಂದೇ ದಾರಿ. ಆದರೆ ಅತ್ತೆ ಎಂಥವರೆಂದರೆ, ಬಾಡಿಗೆ ಮನೆಯ ಸಿಂಕು ಬಿರುಕು ಬಿಟ್ಟಾಗ, ಮೊದಲೇ ಹಾಗಿತ್ತು ಅನ್ನೋಣ ಎಂದು ಮಗ ಕಣ್ಸನ್ನೆ ಮಾಡುತ್ತಿದ್ದರೂ, ಓನರಿನ ಮುಂದೆ ಪಾತ್ರೆ ಬೀಳಿಸಿದ್ದು ನಾನೇ ಎಂದುಬಿಟ್ಟವರು. ಶನಿವಾರವಿಡೀ ಫಾರಂ ಅಕ್ಕ ಅವರ ಹಿಂದೆ ಮುಂದೆ ಸುಳಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಸಂಜೆ ಬೀನ್ಸಿನ ನಾರು ತೆಗೆಯುತ್ತ ಕೂತಾಗ ಧೈರ್ಯ ತಂದುಕೊಂಡಳು.

"ಅತ್ತೆ, ನಾಳೆ ನಿಮಗೊಂದು ಫೋನ್ ಬರಬಹುದು. ಏನು ಕೇಳಿದ್ರೂ ಹೂಂ ಅಂದುಬಿಡಿ."

"ಯಾವುದಕ್ಕೆ ಹೂಂ?"

"ಎಲ್ಲದಕ್ಕೂ."

"ನಿಮ್ಮ ಮಾವನಿಗೆ ಮೂವತ್ತು ವರ್ಷ ಹೂಂ ಅಂದಿದ್ದು ಸಾಲದಾ? ಈಗ ಫೋನಲ್ಲಿ ಬೇರೆ ಅನ್ನಬೇಕಾ?"

ತನ್ನ ಕೆಲಸದ ವಿಷಯ ಎಂದು ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು. ಅತ್ತೆ ಅವಳ ಮುಖವನ್ನೊಮ್ಮೆ ನೋಡಿ, ಮತ್ತೇನೂ ಕೇಳದೆ ಬೀನ್ಸು ಮುರಿದರು.

ಭಾನುವಾರ ಹನ್ನೊಂದಕ್ಕೆ ಫೋನು ಬಂತು. ವಾರವೆಲ್ಲ ಡೆಲಿವರಿ ವ್ಯಾನ್ ಓಡಿಸಿ ಸೋಫಾದಲ್ಲಿ ಮೈ ಚಾಚಿದ್ದ ಗಂಡ, "ಕೊಡಮ್ಮ, ನಾನು ಮಾತಾಡ್ತೀನಿ" ಎಂದು ಕೈ ಚಾಚಿದ. ಆ ಕಡೆಯ ಹುಡುಗಿ ಅಮ್ಮನೇ ಬೇಕೆಂದಳು. ಕಿವಿ ಮಂದವೆಂದು ಅತ್ತೆ ಯಾವಾಗಲೂ ಸ್ಪೀಕರ್ ಹಾಕುತ್ತಿದ್ದುದರಿಂದ ಮಾತು ಮನೆಗೆಲ್ಲ ಕೇಳುತ್ತಿತ್ತು. ಫಾರಂ ಅಕ್ಕ ಸೋಪು ಹತ್ತಿದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಹೋಗುತ್ತದೆಂದು ಹೇಳಿದ್ದೀರಿ, ಸರಿಯೇ ಎಂದು ಹುಡುಗಿ ಓದಿದಳು. ಅತ್ತೆ ಹೂಂ ಅಂದರು. ಬಸ್ಸಿನ ಖರ್ಚಿಗೆ ಕಾಲುಭಾಗ ಹೋಗುತ್ತದೆ. ಹೂಂ. ಸುಸ್ತಾಯಿತಾ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಈ ಸಲದ ಹೂಂ ಬರಲು ಸ್ವಲ್ಪ ತಡವಾಯಿತು. ಸೋಫಾದಲ್ಲಿದ್ದವನು ಎದ್ದು ಕೂತ.

"ಉದ್ಯೋಗ: ಮನೆಯಲ್ಲಿದ್ದಾರೆ, ಕೆಲಸವಿಲ್ಲ. ಸರಿನಾ ಅಮ್ಮ?"

ಅತ್ತೆ ಫೋನನ್ನು ಇನ್ನೊಂದು ಕೈಗೆ ಬದಲಿಸಿದರು. ಅನ್ನಿ ಅತ್ತೆ, ಅಂದುಬಿಡಿ ಎಂದು ಫಾರಂ ಅಕ್ಕನ ಒಳಗೆಲ್ಲ ಒಂದೇ ಜಪ.

"ಅದ್ಯಾರು ಹೇಳಿದ್ದು?" ಎಂದರು ಅತ್ತೆ. ಏರುದನಿಯಲ್ಲ, ಅಂಗಡಿಯವನ ಹತ್ತಿರ ತೂಕ ಕೇಳುವ ದನಿ. "ಬೆಳಿಗ್ಗೆ ಐದಕ್ಕೆ ಏಳ್ತೀನಿ. ನೀರು ಹಿಡೀತೀನಿ. ಮೂರು ಡಬ್ಬಿ ಕಟ್ತೀನಿ. ಮೊಮ್ಮಗಳನ್ನ ಸ್ಕೂಲಿಗೆ ಬಿಟ್ಟು ಬರ್ತೀನಿ, ಮತ್ತೆ ಕರ್ಕೊಂಡು ಬರ್ತೀನಿ. ಅವಳಿಗೆ ಜ್ವರ ಬಂದ್ರೆ ರಜ ಹಾಕೋದು ನಾನೇ, ಯಾಕಂದ್ರೆ ನಂಗೆ ರಜಾನೇ ಇಲ್ವಲ್ಲ. ಇದಕ್ಕೆ ಕೆಲಸವಿಲ್ಲ ಅಂತೀಯಾ?"

ಹುಡುಗಿ ತಡವರಿಸಿದಳು. ಆಮೇಲೆ ಕೇಳಬಾರದ್ದನ್ನೇ ಕೇಳಿದಳು: ಈ ಪ್ರಶ್ನೆಗಳನ್ನೆಲ್ಲ ನಿಮ್ಮ ಹತ್ತಿರ ಯಾರಾದರೂ ಬಂದು ಕೇಳಿದ್ದು ನಿಜವೇ?

ಅತ್ತೆ ಸೊಸೆಯ ಕಡೆ ತಿರುಗಿದರು. ಸೊಸೆಯ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಬೇಡುವುದನ್ನೂ ಮರೆತು ನಿಂತಿದ್ದಳು.

"ಕೇಳಿದ್ಲು. ಬರ್ಕೊಳ್ಳೋವಾಗ ಅದೊಂದು ತಪ್ಪು ಬರ್ಕೊಂಡಿದ್ದಾಳೆ. ತಿದ್ದು."

"ಅಮ್ಮ, ಮನೆಕೆಲಸಕ್ಕೆ ನಮ್ಮ ಫಾರಮ್ಮಲ್ಲಿ ಬೇರೆ ನಂಬರ್ ಇಲ್ಲ, ಒಂಬತ್ತೇ ಹಾಕಬೇಕು."

"ಹಾಗಾದ್ರೆ ನಂಬರ್ ಇಲ್ಲ ಅಂತ ಬರಿ. ಕೆಲಸ ಇಲ್ಲ ಅಂತ ಬರೀಬೇಡ."

ಮೇಲಿನವರಿಗೆ ತಿಳಿಸುತ್ತೇನೆಂದು ಹುಡುಗಿ ಫೋನ್ ಇಟ್ಟಳು. ಅಲ್ಲಿಂದ ಸಂಜೆಯವರೆಗೆ ಫಾರಂ ಅಕ್ಕ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಗಂಡ ಎರಡು ಸಲ ಬಂದು ಏನೋ ಕೇಳುವವನಂತೆ ನಿಂತು, ನೀರು ಕುಡಿದು ಹೋದ. ಕೆಲಸ ಹೋದರೆ ಮಗಳ ಸ್ಕೂಲಿನ ಮುಂದಿನ ಕಂತು ಎಲ್ಲಿಂದ ತರುವುದೆಂದು ಅವಳು ಯೋಚಿಸಿದಳು. ಅತ್ತೆಯ ಮುಖ ಹೇಗೆ ನೋಡುವುದೆಂದು ಅದಕ್ಕಿಂತ ಹೆಚ್ಚು ಯೋಚಿಸಿದಳು.

ಆರೂಕಾಲಿಗೆ ಸೂಪರ್‌ವೈಸರಿನ ಮೆಸೇಜು ಬಂತು. ಫಾರಂ ಸುಳ್ಳಲ್ಲ, ತಪ್ಪು ಎಂದು ತೀರ್ಮಾನವಾಗಿತ್ತು. ಕಟ್ಟು ಆಗಲೇ ಸೇರಿಹೋಗಿದ್ದರಿಂದ ಆ ಒಂದು ಹಾಳೆ ಮಾತ್ರ ರದ್ದು, ಉಳಿದ ಮೂವತ್ತೊಂಬತ್ತಕ್ಕೆ ಒಪ್ಪಿಗೆ. ಆದರೆ ಅವಳ ಮುಂದಿನ ಕಟ್ಟಿನ ನಲವತ್ತು ಫಾರಮ್ಮಿಗೂ ಚೆಕ್ಕಿಂಗ್ ಫೋನು ಹೋಗುತ್ತದೆ.

ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಮೆಸೇಜು ಓದಿ ಹೇಳಿದಳು.

"ಆ ಮೂರು ಗಂಟೆ, ಬಸ್ಸು, ಅದೆಲ್ಲ ನಿಂದೇ ಅಲ್ವಾ?" ಎಂದರು ಅತ್ತೆ.

"ಹೌದು. ಕೆಲಸವಿಲ್ಲ ಅಂತ ಬರೆದದ್ದೂ ನಾನೇ ಅತ್ತೆ. ಬೇಕಂತ ಅಲ್ಲ. ಯೋಚನೆ ಮಾಡದೆ ಕೈ ಅಲ್ಲಿಗೇ ಹೋಯ್ತು."

"ಸಿಟ್ಟಿಂದ ಬರೆದಿದ್ರೆ ನಂಗೆ ಇಷ್ಟು ಬೇಜಾರಾಗ್ತಿರಲಿಲ್ಲ ಕಣೆ."

ಫಾರಂ ಅಕ್ಕ ರಾಶಿಯಿಂದ ಒಂದು ಬೆಡ್‌ಶೀಟ್ ಎಳೆದುಕೊಂಡಳು. ಒಬ್ಬಳಿಂದ ಮಡಚಲಾಗದ ಅಗಲ ಅದು. ಅತ್ತೆ ಕೈಲಿದ್ದ ಬಟ್ಟೆ ಕೆಳಗಿಟ್ಟು ಇನ್ನೊಂದು ತುದಿ ಹಿಡಿದುಕೊಂಡರು.