ಮೂರು ಗುಡಿಯ ಹೂವಿನ ಲೆಕ್ಕ

ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿ ನನ್ನ ಪಕ್ಕ ಕೂತ ಗಿರಿಜಮ್ಮ, ಹೆಸರು ಹೇಳಿದ ಮರುಗಳಿಗೆಯೇ ಒಗಟು ಹಾಕಿದರು.

"ಕೈಯಾಗೆ ಒಂದಿಷ್ಟು ಹೂವು ಅದಾವ್ರೀ. ಕೆರೆಗೆ ಅದ್ದಿದ್ರೆ ಎರಡರಷ್ಟಾಗ್ತಾವೆ. ಒಂದೊಂದು ಗುಡಿಗೆ ಹೋಗೋ ಮುಂಚೆ ಒಂದ್ಸಲ ಅದ್ದಬೇಕು. ಮೂರು ಗುಡಿಗೂ ಸಮ ಏರಿಸಿದ್ರೆ ಕೈ ಖಾಲಿ. ಮೊದ್ಲು ಕಡಿಮೆ ಅಂದ್ರೆ ಎಷ್ಟಿದ್ವು?"

"ನೀವೇ ಹೇಳಿಬಿಡಿ," ಎಂದೆ.

"ಗೊತ್ತಿದ್ರೆ ಯಾಕೆ ಕೇಳ್ತಿದ್ದೆ? ನಮ್ಮತ್ತೆ ಉತ್ರ ಹೇಳದೇ ತೀರ್ಕೊಂಡ್ರು. ಅವಾಗಿಂದ ಬಸ್ಸಲ್ಲಿ ಸಿಕ್ಕೋರ್ನೆಲ್ಲ ಕೇಳ್ತಿದೀನಿ. ಹೊಸಬಾಳೆ ಬರೋದ್ರೊಳಗೆ ಹೇಳ್ರೀ, ನಾ ಇಳೀಬೇಕು."

ನಾನು ಕಾನ್ವೆಂಟಿನಲ್ಲಿ ಓದಿದವಳು, ಮುದುಕಿಯಾದರೂ ಪ್ರೆಸ್ಟೀಜ್ ಬಿಡಲುಂಟೇ? ಟಿಕೆಟಿನ ಹಿಂದೆ 'ಲೆಟ್ ಎಕ್ಸ್ ಬಿ' ಎಂದು ಶುರುಮಾಡಿದೆ. ಬಸ್ಸು ಕುಲುಕಿದಾಗಲೆಲ್ಲ ನನ್ನ ಎಕ್ಸ್ ವೈ ಆಗುತ್ತಿತ್ತು. ಹಿಂದಿನ ಸೀಟಿನವರು "ಹತ್ತು", "ಹನ್ನೆರಡು" ಎಂದು ಬಾಯಿಗೆ ಬಂದದ್ದನ್ನು ಕೂಗಿದರು.

ಹೊಸಬಾಳೆಯಲ್ಲಿ ಗಿರಿಜಮ್ಮ ಇಳಿದೇಬಿಟ್ಟರು. "ತಡೀರಿ ಡ್ರೈವರ್ರೇ, ಅಮ್ಮಾರ ಲೆಕ್ಕ ಮುಗೀಲಿ," ಎಂದ ಕಂಡಕ್ಟರ್. ಅಷ್ಟರಲ್ಲಿ ಸಿಕ್ಕಿತು! ಕಿಟಕಿಯಿಂದ ಕೂಗಿದೆ: "ಏಳು ಹೂವು! ಗುಡಿಗೆ ಎಂಟೆಂಟು!"

ಅವರು ರಸ್ತೆಯಲ್ಲೇ ನಿಂತು ಬೆರಳು ಮಡಚಿದರು. "ಹದ್ನಾಕು, ಉಳಿದದ್ದು ಆರು... ಹನ್ನೆರಡು, ನಾಕು... ಎಂಟು... ಸರಿ ಅದೆ ರೀ!" ಮುಖವೆಲ್ಲ ನಗು. ಮರುಕ್ಷಣ ಅದೇ ಮುಖ ಸಪ್ಪಗಾಯಿತು. "ಇನ್ನು ಬಸ್ಸಲ್ಲಿ ಜನಾನ ಏನಂತ ಮಾತಾಡಿಸ್ಲಿ? ನಿಮ್ದೊಂದು ಒಗಟು ಕೊಟ್ಟು ಹೋಗ್ರೀ!"

ಮ್ಯಾಥ್ಸ್ ಕಲಿಸಿದ ಸಿಸ್ಟರ್ ನೆನಪಾದರು. ಅವರು ಕೊಟ್ಟದ್ದನ್ನೇ ಕೊಟ್ಟೆ. "ಒಂದೂವರೆ ಕೋಳಿ ಒಂದೂವರೆ ದಿನಕ್ಕೆ ಒಂದೂವರೆ ಮೊಟ್ಟೆ ಇಟ್ಟರೆ, ಒಂದು ಕೋಳಿ ಒಂದು ದಿನಕ್ಕೆ ಎಷ್ಟಿಡುತ್ತೆ?"

ಕಂಡಕ್ಟರ್ ಸೀಟಿ ಊದಿದ. ಗಿರಿಜಮ್ಮ ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿದರು. "ಏಯ್, ನಿಲ್ರೀ! ಅರ್ಧ ಕೋಳಿ ಹೆಂಗೆ ಮೊಟ್ಟೆ ಇಡ್ತದೆ?"