ಇಬ್ಬರು ಗೋಲ್‌ಕೀಪರ್, ಒಂದೇ ಜೋಡಿ ಗ್ಲೌಸು

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ಬ್ಯಾಡಗಿ ಬಸ್ ನಿಲ್ದಾಣ. ಅವ್ವ, ನಾನು, ತಂಗಿ ಮತ್ತು ಅವಳ ತಂಡದ ಹದಿಮೂರು ಹುಡುಗಿಯರು. ಹೆಂಗಸರೆಂದು ಹದಿನಾರೂ ಜನರಿಗೆ ಸೊನ್ನೆ ರೂಪಾಯಿ ಟಿಕೆಟ್. ದುಡ್ಡು ಕೊಟ್ಟವರು ಕೋಚ್ ಸರ್ ಒಬ್ಬರೇ. ರಾಣೆಬೆನ್ನೂರು ಬರುವವರೆಗೂ ಹುಡುಗಿಯರು ಅದನ್ನೇ ಹೇಳಿ ಅವರನ್ನು ಕಾಡಿದರು.

ತಂಗಿ ಮಾತ್ರ ನಗಲಿಲ್ಲ. ಅಂದು ಅಲ್ಲಿ ಹಾವೇರಿ ತಂಡದ ಎದುರು ಪಂದ್ಯವಿತ್ತು. ರಾಷ್ಟ್ರೀಯ ಕಿರಿಯರ ಫುಟ್‌ಬಾಲ್ ಸ್ಪರ್ಧೆಗೆ ಹೊರಟಿದ್ದ ರಾಜ್ಯ ತಂಡದಲ್ಲಿ ಒಂದೇ ಜಾಗ ಖಾಲಿ ಉಳಿದಿತ್ತು, ಅದೂ ಗೋಲ್‌ಕೀಪರ್‌ದು. ಅದಕ್ಕೆ ಆಯ್ಕೆದಾರರೊಬ್ಬರು ಪಂದ್ಯ ನೋಡಲು ಬರುವವರಿದ್ದರು. ಈ ಕಡೆಯ ಗೋಲಿನಲ್ಲಿ ನನ್ನ ತಂಗಿ, ಆ ಕಡೆಯದರಲ್ಲಿ ಹಾವೇರಿಯ ಹಾಸ್ಟೆಲ್ಲಿನ ಒಬ್ಬ ಎತ್ತರದ ಹುಡುಗಿ. ಇಬ್ಬರಲ್ಲಿ ಒಬ್ಬಳು.

ಪಂದ್ಯಕ್ಕೆಂದು ಅವ್ವ ಹಿಂದಿನ ದಿನ ತಂಗಿಯ ಗ್ಲೌಸು ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದಳು. ಜನವರಿಯಲ್ಲಿ ನಮ್ಮ ಮಾಳಿಗೆಯ ಮೇಲೆ ಬಿಸಿಲು ಬೀಳುವಲ್ಲೆಲ್ಲ ಮೆಣಸಿನಕಾಯಿ ಹರವಿರುತ್ತದೆ. ಸಮವಸ್ತ್ರ, ಟವೆಲ್ಲು, ಹಾಸಿಗೆ ಎಲ್ಲವೂ ಅದರ ಮಗ್ಗುಲಲ್ಲೇ ಒಣಗುತ್ತವೆ. ಅವ್ವ ಹಗಲೆಲ್ಲ ತೊಟ್ಟು ಮುರಿಯುವವಳು. ಆ ಘಾಟು ನಮ್ಮ ಮೂಗಿಗೆ ಎಂದೋ ಗೊತ್ತಾಗದಂತಾಗಿದೆ. ಬಿಳಿ ಗ್ಲೌಸಿಗೆ ತೆಳುವಾಗಿ ಕೆಂಪು ಹತ್ತಿದ್ದನ್ನು ಮೊದಲು ಕಂಡವಳು ಹಾವೇರಿಯ ಆ ಹುಡುಗಿಯೇ. ಮದುವೆಗೆ ಬಂದೀಯೋ ಆಡಾಕ ಬಂದೀಯೋ, ಮೆಹಂದಿ ಭಾಳ ಛಂದ ಏರೇತಿ ಎಂದು ತಂಗಿಯನ್ನು ಚುಡಾಯಿಸಿದಳು.

ಎರಡನೇ ಅವಧಿಯಲ್ಲಿ ಆಟ ಒಂದು–ಒಂದು ಸಮವಿತ್ತು. ತಂಗಿ ಬೆವರು ಒರೆಸಿಕೊಳ್ಳಲು ಹಣೆಗೆ ಕೈ ಒಯ್ದಳು. ಮರುಗಳಿಗೆ ಎರಡೂ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಸಿದು ಕುಳಿತಳು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ಬ್ಯಾಡಗಿ ಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ ಎಂದು ಯಾರೋ ಹಿಂದಿನಿಂದ ಹೇಳಿದರು. ಅವ್ವ ನೀರಿನ ಕೊಡ ಹಿಡಿದು ಅವರನ್ನು ದಾಟಿ ಓಡಿದಳು.

ಕಣ್ಣಿಗೆ ಎರಡು ಕೊಡ ನೀರು ಹೊಯ್ದೆವು. ಕೈಗೆ ನೀರು ಸಾಲದು, ಎಣ್ಣೆ ಬೇಕು ಎಂದು ಅವ್ವ ಗೇಟಿನ ಹೊರಗೆ ಓಡಿ ಮಿರ್ಚಿ ಭಜಿ ಗಾಡಿಯವನಿಂದ ಹಸಿ ಎಣ್ಣೆ ತಂದಳು. ಅವನು ದುಡ್ಡು ಮುಟ್ಟಲಿಲ್ಲವಂತೆ. ಹನ್ನೊಂದು ನಿಮಿಷದ ಮೇಲೆ ತಂಗಿ ಕಣ್ಣು ಬಿಟ್ಟಳು. ಆ ಗ್ಲೌಸು ಮತ್ತೆ ಹಾಕಿಕೊಳ್ಳುವಂತಿಲ್ಲ ಎಂದರು ರೆಫರಿ. ನಮ್ಮ ಬಳಿ ಇನ್ನೊಂದು ಜೋಡಿ ಇರಲಿಲ್ಲ. ಉಳಿದ ಆಟವನ್ನು ಅವಳು ಬರಿಗೈಯಲ್ಲೇ ಮುಗಿಸಿದಳು.

ಆಟ ಸಮದಲ್ಲೇ ಮುಗಿಯಿತು. ಪೆನಾಲ್ಟಿ ಒದೆತಕ್ಕೆ ಬಂತು. ಮೊದಲು ಗೋಲಿನಲ್ಲಿ ನಿಲ್ಲಬೇಕಾದವಳು ತಂಗಿ. ಆಗ ಆ ಎತ್ತರದ ಹುಡುಗಿ ತನ್ನ ಗ್ಲೌಸು ಬಿಚ್ಚುತ್ತ ಬಂದಳು.

“ತಗೋ. ನನ್ನ ಪಾಳಿ ಬಂದಾಗ ಕೊಡು.”

“ಇದರಿಂದ ನಾ ಗೆದ್ನಿ ಅಂದ್ರ?”

“ಗೆದ್ರ ಗೆದ್ದಿ. ಬರಿಗೈಲೆ ನಿಂತಾಕಿನ್ನ ಸೋಲಿಸಿದ್ರ ನನಗೇನ್ ಮಜಾ?”

ಒಂದು ಒದೆತ, ಗ್ಲೌಸು ಆ ಕೈಗೆ. ಇನ್ನೊಂದು ಒದೆತ, ಗ್ಲೌಸು ಈ ಕೈಗೆ. ಬೆವರಿಗೆ ಅವು ಬೇಗ ಬಿಚ್ಚುತ್ತಿರಲಿಲ್ಲ. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳು ಎಳೆಯುತ್ತಿದ್ದಳು. ಎರಡೂ ಕಡೆಯ ಜನ ಗೋಲಿಗಿಂತ ಇದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿದರು. ಡೈರಿಯಲ್ಲಿ ನಾನು ಎಳೆದ ಗೀಟುಗಳು ಹೀಗಿವೆ: ಅವಳು ತಡೆದದ್ದು ಒಂದು, ತಂಗಿ ತಡೆದದ್ದು ಎರಡು. ನಾಲ್ಕು–ಮೂರು, ಬ್ಯಾಡಗಿ.

ಆಯ್ಕೆದಾರರು ತಂಗಿಯ ಹೆಸರು ಓದಿದಾಗ ಅವಳು ಗ್ಲೌಸು ಮರಳಿಸಲು ಹೋದಳು. ಆ ಹುಡುಗಿಯ ಕಣ್ಣುಗಳೂ ಕೆಂಪಾಗಿದ್ದವು, ಮೆಣಸಿನಕಾಯಿ ಇಲ್ಲದೆಯೇ. ಆದರೂ ಬಾಯಿ ಸುಮ್ಮನಿರಲಿಲ್ಲ.

“ಅಲ್ಲಿಗೂ ಖಾರಪುಡಿ ಗ್ಲೌಸು ಒಯ್ತೀಯೇನ? ಇವನ್ನ ಒಯ್ಯಿ. ಮುಗದ ಮ್ಯಾಲೆ ತಂದು ಕೊಡು.”

ರಾಷ್ಟ್ರೀಯ ಸ್ಪರ್ಧೆಯಲ್ಲಿ ತಂಗಿ ಎರಡು ಪಂದ್ಯ ಬೆಂಚಿನಲ್ಲಿ ಕುಳಿತಳು, ಮೂರನೆಯದರಲ್ಲಿ ಆಡಿದಳು. ಏಳು ತಡೆದಳು, ಎರಡು ಬಿಟ್ಟಳು. ಫೋನಿನಲ್ಲಿ ಅದನ್ನು ಹೇಳುವಾಗ ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ. ಅವ್ವ ಕೇಳಿದ್ದು ಒಂದೇ: ಗ್ಲೌಸು ಎಲ್ಲಿ ಒಣಹಾಕಿದ್ದೀ?

ತಂಗಿ ಮರಳಿದ ಮೇಲೆ ಅವ್ವ ಅವನ್ನು ತೊಳೆದು, ಕಿಟಕಿ ಮುಚ್ಚಿ, ಫ್ಯಾನಿನ ಕೆಳಗೆ ಒಣಗಿಸಿದಳು. ಕೊಡಲು ತಂಗಿ, ನಾನು ಇಬ್ಬರೂ ಹಾವೇರಿಗೆ ಹೋದೆವು. ಆ ಹುಡುಗಿ ಹತ್ತನೇ ತರಗತಿ ಮುಗಿಸಿ ಹಾಸ್ಟೆಲ್ ಬಿಟ್ಟಿದ್ದಳು. ಕರ್ಜಗಿ ಕಡೆಯವಳು ಎಂದರು. ಕರ್ಜಗಿಯಲ್ಲಿ ಕೇಳಿದರೆ, ನಮ್ಮೂರಾಕಿ ಅಲ್ರಿ, ಹೊಸರಿತ್ತಿಯಾಗ ಕೇಳ್ರಿ ಎಂದರು. ಅಲ್ಲಿಯೂ ಸಿಗಲಿಲ್ಲ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವಳಿಗೆ ತಾನೇ ಎಂದು ತಿಳಿಯುತ್ತದೆ. ಗ್ಲೌಸಿನ ಎಡ ಮಣಿಕಟ್ಟಿನ ಒಳಗೆ ಹಸಿರು ದಾರದಲ್ಲಿ ಹೊಲಿದ ಐದು ಮೂಲೆಯ ಸಣ್ಣ ಚಿಕ್ಕಿಯಿದೆ. ಅವಳು ಈಗ ಯಾವ ಊರಿನ ಗೋಲು ಕಾಯುತ್ತಿದ್ದಾಳೆಂದು ಬಲ್ಲವರು ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ತಂದು ಕೊಡಲು ತಂಗಿ ತಯಾರಿದ್ದಾಳೆ.